ಸೈನಿಕರಾಗಿದ್ದು ಪ್ರಾಧ್ಯಾಪಕರಾದ ಹಿರಿಯರ ಜೀವನವನ್ನು ಬರೆದಿಡುವ ಬಗೆ

ನಮ್ಮ ಕರಾವಳಿಯ ಕೆಲವು ಮನೆಗಳ ಅಟ್ಟದಲ್ಲಿ ಇಂದಿಗೂ ಒಂದು ಕಪ್ಪು ಟ್ರಂಕು ಇರುತ್ತದೆ. ಅದರ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಸಂಖ್ಯೆ, ಹುದ್ದೆ ಮತ್ತು ಹೆಸರು ಅರ್ಧಂಬರ್ಧ ಅಳಿಸಿರುತ್ತವೆ. ಅದೇ ಮನೆಯ ಚಾವಡಿಯಲ್ಲಿ ಕುಳಿತ ಹಿರಿಯರನ್ನು ಊರು ಗುರುತಿಸುವುದು ಮಾತ್ರ ಕಾಲೇಜಿನ ಮೇಷ್ಟ್ರೆಂದು. ಅವರು ತೀರಿಕೊಂಡ ಮರುದಿನ ಪತ್ರಿಕೆಯಲ್ಲಿ ‘ನಿವೃತ್ತ ಪ್ರಾಧ್ಯಾಪಕ, ಮಾಜಿ ಸೈನಿಕ’ ಎಂಬ ಒಂದು ಸಾಲು ಬರುತ್ತದೆ. ಆ ಎರಡು ಪದಗಳ ನಡುವೆ ಏನು ನಡೆಯಿತೆಂಬುದು ಯಾರಿಗೂ ತಿಳಿಯದೆ ಹೋಗುತ್ತದೆ. 1962ರ ಯುದ್ಧದ ಬಳಿಕ ಸೇನೆಗೆ ಸೇರಿದವರಿಗೆ ಈಗ ಎಂಬತ್ತು ದಾಟಿದೆ, 1971ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರೂ ಎಪ್ಪತ್ತು ದಾಟಿದ್ದಾರೆ. ಆದ್ದರಿಂದ ಈ ಕೆಲಸವನ್ನು ಮುಂದಿನ ರಜೆಗೆಂದು ಎತ್ತಿಡುವಂತಿಲ್ಲ.

ನಾನು ಇದನ್ನು ಕಲಿತದ್ದು ನನ್ನ ಸೋದರಮಾವನ ಜೀವನವನ್ನು ಬರೆಯುವಾಗ. 1962ರ ಆ ಚೀನಾ ಯುದ್ಧದ ನಂತರ ಸೇನೆಯು ಪದವೀಧರರನ್ನು ಎಮರ್ಜೆನ್ಸಿ ಕಮಿಷನ್ (ತುರ್ತುಕಾಲದ ಅಲ್ಪಾವಧಿ ನೇಮಕ) ಮೇಲೆ ಅಧಿಕಾರಿಗಳಾಗಿ ತೆಗೆದುಕೊಂಡಾಗ ಮಾವ ಉಡುಪಿಯಿಂದ ಹೊರಟು, ಮದ್ರಾಸಿನಲ್ಲಿ 1963ರಲ್ಲಷ್ಟೇ ಆರಂಭವಾಗಿದ್ದ ಆಫೀಸರ್ಸ್ ಟ್ರೈನಿಂಗ್ ಸ್ಕೂಲಿನಲ್ಲಿ ತರಬೇತಿ ಪಡೆದು, ತೋಪುಖಾನೆಗೆ ಸೇರಿ, 1965ರ ಯುದ್ಧದಲ್ಲಿ ಪಂಜಾಬಿನ ಗಡಿಯಲ್ಲಿದ್ದರು. 1968ರಲ್ಲಿ ಬಿಡುಗಡೆಯಾಗಿ ಬಂದು, ಮೈಸೂರಿನಲ್ಲಿ ಗಣಿತದ ಎಂ.ಎಸ್‌ಸಿ. ಮುಗಿಸಿ, ಉಡುಪಿಯ ಸಮೀಪದ ಕಾಲೇಜೊಂದರಲ್ಲಿ ಇಪ್ಪತ್ತೆಂಟು ವರ್ಷ ಪಾಠ ಹೇಳಿದರು. ಅವರೊಡನೆ ಹದಿನಾಲ್ಕು ಸಲ ಕುಳಿತು ಮಾತನಾಡಿದೆ. ಒಂದು ಮಳೆಗಾಲದಲ್ಲಿ ಆರಂಭಿಸಿದ ಕೆಲಸ ಮುಂದಿನ ಮಳೆಗಾಲ ಹತ್ತಿರವಾಗುವಾಗ ಒಂದು ಹದಕ್ಕೆ ಬಂತು. ಅದರಲ್ಲಿ ನಾನು ಮಾಡಿದ ತಪ್ಪುಗಳನ್ನು ಬೇರೆಯವರು ಮಾಡಬೇಕಾಗಿಲ್ಲವೆಂಬ ಉದ್ದೇಶದಿಂದ ಈ ಕ್ರಮವನ್ನು ಬರೆಯುತ್ತಿದ್ದೇನೆ.

ಮೊದಲು ಕಾಗದ, ಆಮೇಲೆ ಮಾತು

ಹಿರಿಯರ ಎದುರು ಕೂರುವ ಮೊದಲು ಅವರ ಅನುಮತಿ ಪಡೆದು ಟ್ರಂಕನ್ನು ಇಳಿಸಿ, ಒಳಗಿನ ಪ್ರತಿಯೊಂದು ವಸ್ತುವನ್ನೂ ಇದ್ದ ಕ್ರಮದಲ್ಲಿಯೇ ಫೋಟೊ ತೆಗೆದು ಪಟ್ಟಿ ಮಾಡಿಕೊಳ್ಳಬೇಕು. ಜವಾನರಾಗಿ ಅಥವಾ ಜೆ.ಸಿ.ಓ. (ಸುಬೇದಾರರಂಥ ಕಿರಿಯ ಅಧಿಕಾರಿ) ಆಗಿ ನಿವೃತ್ತರಾದವರ ಬಳಿ ಡಿಸ್ಚಾರ್ಜ್ ಪುಸ್ತಕ ಇರುತ್ತದೆ. ಅಧಿಕಾರಿಗಳಾಗಿದ್ದವರ ಬಳಿ ಕಮಿಷನ್ ಪತ್ರ ಮತ್ತು ಬಿಡುಗಡೆಯ ಆದೇಶ ಇರುತ್ತವೆ. ಸೇನಾ ಪಿಂಚಣಿ ಪಡೆಯುವವರ ಬಳಿ ಪಿ.ಪಿ.ಓ. (ಪಿಂಚಣಿ ಪಾವತಿಯ ಆದೇಶ) ಇರುವುದು ಸಹಜ, ಆದರೆ ಅದು ಇಲ್ಲವೆಂದ ಮಾತ್ರಕ್ಕೆ ಅವರ ಸೇವೆಯನ್ನು ಅನುಮಾನಿಸಬಾರದು. ಸಾಮಾನ್ಯವಾಗಿ ಜವಾನರಿಗೆ 15 ವರ್ಷ, ಅಧಿಕಾರಿಗಳಿಗೆ 20 ವರ್ಷ ಸೇವೆ ಆದರೆ ಮಾತ್ರ ಸೇವಾ ಪಿಂಚಣಿ ದೊರೆಯುತ್ತದೆ. ನಮ್ಮ ಮಾವನಂತೆ ಐದಾರು ವರ್ಷ ಯುದ್ಧಕಾಲದಲ್ಲಿ ದುಡಿದು ಮರಳಿದವರಿಗೆ ಅದು ಇರಲಿಲ್ಲ.

ಪದಕಗಳು ಮಾತನಾಡುತ್ತವೆ. ಭಾರತೀಯ ಸೇನೆಯ ಪದಕಗಳ ಅಂಚಿನಲ್ಲಿ ಪಡೆದವರ ಸಂಖ್ಯೆ, ಹುದ್ದೆ, ಹೆಸರನ್ನು ಸಣ್ಣ ಅಕ್ಷರಗಳಲ್ಲಿ ಕೊರೆದಿರುತ್ತಾರೆ; ಭೂತಗನ್ನಡಿಯಿಂದ ನೋಡಿದರೆ ಓದಬಹುದು. ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್ 1965ಕ್ಕೆ ಸೇರಿದವು. ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ ಮತ್ತು ಸಂಗ್ರಾಮ್ ಮೆಡಲ್ 1971ಕ್ಕೆ ಸೇರಿದವು. ಪೂರ್ವಿ ಇದ್ದರೆ ಈಗಿನ ಬಾಂಗ್ಲಾದೇಶದ ಕಡೆ, ಪಶ್ಚಿಮಿ ಇದ್ದರೆ ಪಾಕಿಸ್ತಾನದ ಗಡಿಯ ಕಡೆ ಎಂದು ಒಂದೇ ನೋಟಕ್ಕೆ ಊಹಿಸಬಹುದು. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು: ನಮ್ಮ ಮನೆಗಳಲ್ಲಿ ಕಂಚು ಹಿತ್ತಾಳೆಯೆಂದರೆ ಹುಣಸೆಹುಳಿ ಹಾಕಿ ತಿಕ್ಕುವ ರೂಢಿಯಿದೆ. ನಮ್ಮ ಅತ್ತೆ ಪ್ರತಿ ಆಯುಧಪೂಜೆಗೆ ಭಕ್ತಿಯಿಂದ ಹಾಗೆ ತಿಕ್ಕಿದ್ದರಿಂದ ಒಂದು ಪದಕದ ಅಂಚಿನ ಅಕ್ಷರಗಳು ಪೂರ್ತಿ ಸವೆದಿದ್ದವು. ಒಣಗಿದ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು.

ಪತ್ರಗಳಿದ್ದರೆ ಅದೃಷ್ಟ. ಸೇನೆಯಿಂದ ಬಂದ ಇನ್‌ಲ್ಯಾಂಡ್ ಪತ್ರಗಳಲ್ಲಿ ಊರಿನ ಹೆಸರು ಇರುವುದಿಲ್ಲ. ಘಟಕದ ಹೆಸರು ಮತ್ತು ‘56 ಎ.ಪಿ.ಓ.’ ಅಥವಾ ‘99 ಎ.ಪಿ.ಓ.’ ಎಂದಷ್ಟೇ ಇರುತ್ತದೆ; ಎ.ಪಿ.ಓ. ಎಂದರೆ ಸೇನೆಯ ಅಂಚೆ ಕಚೇರಿ. ಮೊದಲನೆಯದು ಸಾಮಾನ್ಯವಾಗಿ ಪಶ್ಚಿಮ ಮತ್ತು ಉತ್ತರದ ಗಡಿಗಳದ್ದು, ಎರಡನೆಯದು ಪೂರ್ವದ್ದು. ಪತ್ರದ ದಿನಾಂಕಗಳನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದುಕೊಂಡರೂ ಯಾವ ತಿಂಗಳುಗಳಲ್ಲಿ ಪತ್ರವೇ ಬಂದಿಲ್ಲವೆಂಬುದು ಕಾಣುತ್ತದೆ. ಕೇಳಬೇಕಾದ ಪ್ರಶ್ನೆಗಳು ಬಹುಪಾಲು ಆ ಖಾಲಿ ತಿಂಗಳುಗಳಲ್ಲಿಯೇ ಇರುತ್ತವೆ.

ಕಾಲೇಜಿನ ಕಡೆಯ ಕಾಗದಗಳನ್ನು ಜನ ಉಪೇಕ್ಷಿಸುತ್ತಾರೆ. ನೇಮಕಾತಿ ಪತ್ರ, ಹಾಜರಿ ಪುಸ್ತಕ, ಪಾಠದ ಟಿಪ್ಪಣಿ, ಕಾಲೇಜಿನ ವಾರ್ಷಿಕ ಸಂಚಿಕೆ, ಬೀಳ್ಕೊಡುಗೆಯ ಗುಂಪು ಫೋಟೊ, ಇವನ್ನೂ ಅಷ್ಟೇ ಶ್ರದ್ಧೆಯಿಂದ ಪಟ್ಟಿ ಮಾಡಬೇಕು. ಇವನ್ನು ಓದುವಾಗ ನಮ್ಮ ಜಿಲ್ಲೆಯ ಇತಿಹಾಸ ಗೊತ್ತಿರಬೇಕಾಗುತ್ತದೆ. 1956ರ ನವೆಂಬರ್ 1ರ ಮೊದಲು ದಕ್ಷಿಣ ಕನ್ನಡ ಮದ್ರಾಸ್ ರಾಜ್ಯದಲ್ಲಿತ್ತು, ಹಾಗಾಗಿ ಹಿರಿಯರ ಶಾಲಾ ದಾಖಲೆಗಳು ಆ ಸರ್ಕಾರದ ಮುದ್ರೆಯವು. ಕೊಣಾಜೆಯಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಆರಂಭವಾದುದು 1968ರಲ್ಲಿ, ಅದು ಮಂಗಳೂರು ವಿಶ್ವವಿದ್ಯಾಲಯವಾದುದು 1980ರಲ್ಲಿ. ಉಡುಪಿ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಒಬ್ಬರೇ ವ್ಯಕ್ತಿ ಒಂದೇ ಕೊಠಡಿಯಲ್ಲಿ ಪಾಠ ಹೇಳುತ್ತಿದ್ದರೂ ಕಾಗದದಲ್ಲಿ ಅವರ ವಿಶ್ವವಿದ್ಯಾಲಯವೂ ಜಿಲ್ಲೆಯೂ ಬದಲಾಗಿರುವುದನ್ನು ಕಂಡು ಗೊಂದಲಪಡಬೇಕಾಗಿಲ್ಲ.

ಇನ್ನೊಂದು ವಿಷಯವನ್ನು ಮೊದಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ಕಾಲೇಜುಗಳಲ್ಲಿ ‘ಕ್ಯಾಪ್ಟನ್’ ಅಥವಾ ‘ಮೇಜರ್’ ಎಂದು ಕರೆಸಿಕೊಳ್ಳುವ ಮೇಷ್ಟ್ರುಗಳಲ್ಲಿ ಅನೇಕರು ಎನ್.ಸಿ.ಸಿ. ಅಧಿಕಾರಿಗಳು. 1963ರಿಂದ 1968ರ ತನಕ ಕಾಲೇಜು ವಿದ್ಯಾರ್ಥಿಗಳಿಗೆ ಎನ್.ಸಿ.ಸಿ. ಕಡ್ಡಾಯವಾಗಿದ್ದುದರಿಂದ ಆಗ ಅನೇಕ ಉಪನ್ಯಾಸಕರು ಅದರ ತರಬೇತಿ ಪಡೆದರು. ಅದು ಗೌರವದ ಸೇವೆಯೇ, ಆದರೆ ಖಾಯಂ ಸೈನ್ಯದ ಸೇವೆಯಲ್ಲ. 1949ರಲ್ಲಿ ಆರಂಭವಾದ ಟೆರಿಟೋರಿಯಲ್ ಆರ್ಮಿಯಲ್ಲಿ ಉದ್ಯೋಗದ ಜೊತೆಗೇ ಸೇವೆ ಸಲ್ಲಿಸಿದವರೂ ಇದ್ದಾರೆ. ಮೂರರಲ್ಲಿ ಯಾವುದೆಂಬುದನ್ನು ಹಿರಿಯರ ಮನಸ್ಸಿಗೆ ನೋವಾಗದಂತೆ, ‘ನಿಮಗೆ ತರಬೇತಿ ಎಲ್ಲಿ ಆಯಿತು ಸರ್?’ ಎಂದು ಕೇಳಿದರೆ ಉತ್ತರದಲ್ಲಿಯೇ ತಿಳಿಯುತ್ತದೆ.

ಕೂರುವ ಹೊತ್ತು, ಕೂರುವ ಜಾಗ

ಮಾತುಕತೆಗೆ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಉತ್ತಮ. ಆಟಿ ತಿಂಗಳ ಮಳೆಯಲ್ಲಿ ಹಂಚಿನ ಮಾಡಿನ ಕೆಳಗೆ ಮಾಡಿದ ನನ್ನ ಒಂದು ಧ್ವನಿಮುದ್ರಣದಲ್ಲಿ ಮಳೆಯ ಸದ್ದು ಮಾತ್ರ ಕೇಳುತ್ತದೆ. ಅಂದು ಮಾವ ತಮ್ಮ ತಂದೆಯ ಬಗ್ಗೆ ಹೇಳಿದ್ದನ್ನು ಮತ್ತೆ ಅಷ್ಟು ಮನಬಿಚ್ಚಿ ಹೇಳಲಿಲ್ಲ. ಬೆಳಗಿನ ಕಾಫಿ ಮುಗಿದ ಮೇಲಿನ ಹೊತ್ತು ಹೆಚ್ಚಿನ ಹಿರಿಯರಿಗೆ ಒಗ್ಗುತ್ತದೆ. ಒಂದು ಸಲಕ್ಕೆ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ ಸಾಕು. ಫ್ಯಾನು ನಿಲ್ಲಿಸಿ, ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಅವರ ಬಾಯಿಯಿಂದ ಒಂದೂವರೆ ಗೇಣು ದೂರದಲ್ಲಿ ಬಟ್ಟೆಯ ಮೇಲೆ ಇಡಬೇಕು. ಆರಂಭದಲ್ಲಿ ದಿನಾಂಕ, ಸ್ಥಳ, ಯಾರು ಯಾರು ಇದ್ದೇವೆ ಎಂಬುದನ್ನು ನೀವೇ ಹೇಳಿ ಮುದ್ರಿಸಿಕೊಳ್ಳಬೇಕು.

ಭಾಷೆಯನ್ನು ಅವರಿಗೇ ಬಿಡಬೇಕು. ನಮ್ಮ ಮಾವ ನನ್ನ ರೆಕಾರ್ಡರ್ ಕಂಡೊಡನೆ ಪುಸ್ತಕದ ಕನ್ನಡದಲ್ಲಿ ಮಾತನಾಡತೊಡಗಿದರು, ಅದು ಭಾಷಣವಾಯಿತೇ ಹೊರತು ಕಥೆಯಾಗಲಿಲ್ಲ. ಮೂರನೆಯ ದಿನ ಅತ್ತೆ ಒಳಗಿನಿಂದ ತುಳುವಿನಲ್ಲಿ ಏನನ್ನೋ ತಿದ್ದಿದಾಗ ಅವರೂ ತುಳುವಿಗೆ ಹೊರಳಿದರು. ಮನೆಯ ಸಂಗತಿಗೆ ತುಳು, ಕ್ಲಾಸಿನ ಸಂಗತಿಗೆ ಕನ್ನಡ ಮತ್ತು ಇಂಗ್ಲಿಷ್, ಪಲ್ಟನ್ನಿನ ಸಂಗತಿಗೆ ಹಿಂದಿ ಎಂದು ತಾನಾಗಿಯೇ ಹಂಚಿಕೆಯಾಯಿತು. ಅಂದಿನಿಂದ ಅತ್ತೆಯನ್ನೂ ಚಾವಡಿಯಲ್ಲಿ ಕೂರಿಸಿಕೊಂಡೆ. ಗಂಡ ಮರೆತದ್ದು ಹೆಂಡತಿಗೆ ನೆನಪಿರುತ್ತದೆ. ಕಾಯುತ್ತ ಕೂತವರ ಯುದ್ಧ ಬೇರೆಯೇ ಆಗಿರುತ್ತದೆ, ಅದನ್ನು ಕೇಳಿದವರು ಕಡಿಮೆ.

ಯುದ್ಧದಿಂದ ಆರಂಭಿಸಬೇಡಿ

ನನ್ನ ದೊಡ್ಡ ತಪ್ಪು ಇದೇ. ಮೊದಲ ದಿನವೇ ‘ಯುದ್ಧದಲ್ಲಿ ಏನಾಯಿತು ಮಾವ?’ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಪತ್ರಿಕೆಯಲ್ಲಿ ಯಾರೂ ಓದಬಹುದಾದ ನಾಲ್ಕು ವಾಕ್ಯ ಹೇಳಿ ಎದ್ದರು. ಎಷ್ಟು ಜನರನ್ನು ಕೊಂದಿರಿ, ಹೆದರಿಕೆಯಾಯಿತೇ ಎಂಬಂಥ ಪ್ರಶ್ನೆಗಳನ್ನು ಎಂದಿಗೂ ಕೇಳಬಾರದು. ಅದು ಅವರಾಗಿ ಹೇಳಬೇಕಾದುದು, ಅಥವಾ ಹೇಳದೆ ಉಳಿಸಿಕೊಳ್ಳಬೇಕಾದುದು. ಕಣ್ಣು ತುಂಬಿದರೆ, ಕೈ ನಡುಗಿದರೆ, ರೆಕಾರ್ಡರ್ ನಿಲ್ಲಿಸಿ ನೀರು ಕೊಟ್ಟು ಬೇರೆ ಮಾತಿಗೆ ಹೋಗಬೇಕು. ಅಂದಿನ ರಾತ್ರಿ ಅವರಿಗೆ ನಿದ್ರೆ ಬಂತೇ ಎಂದು ಮರುದಿನ ಮನೆಯವರಲ್ಲಿ ವಿಚಾರಿಸಬೇಕು.

ಬದಲಾಗಿ ಪ್ರಯಾಣದಿಂದ ಆರಂಭಿಸಿ. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಅದಕ್ಕೆ ಮೊದಲಿನ ದಶಕಗಳಲ್ಲಿ ಉಡುಪಿಯ ಹುಡುಗನೊಬ್ಬ ಸೇನೆ ಸೇರಬೇಕಾದರೆ ಬಸ್ಸಿನಲ್ಲಿ ಮಂಗಳೂರಿಗೆ ಬಂದು ಅಲ್ಲಿಂದ ಮದ್ರಾಸಿನ ರೈಲು ಹತ್ತಬೇಕಾಗಿತ್ತು. ‘ಅಂದು ಬಸ್ ನಿಲ್ದಾಣಕ್ಕೆ ಯಾರು ಬಂದಿದ್ದರು? ಕೈಯಲ್ಲಿ ಏನೇನಿತ್ತು? ರೈಲಿನಲ್ಲಿ ಏನು ತಿಂದಿರಿ?’ ಎಂಬ ಮೂರು ಪ್ರಶ್ನೆಗಳಿಗೆ ಮಾವ ಒಂದು ಗಂಟೆ ಉತ್ತರಿಸಿದರು. ಅವರ ತಾಯಿ ಕಟ್ಟಿಕೊಟ್ಟ ಹಲಸಿನ ಹಪ್ಪಳ ಶಿಬಿರ ತಲುಪುವಾಗ ಪುಡಿಯಾಗಿತ್ತೆಂಬುದು, ಆ ಪುಡಿಯನ್ನು ಪಂಜಾಬಿ ಮಿತ್ರನೊಬ್ಬ ಬೊಗಸೆಯಲ್ಲಿ ತಿಂದನೆಂಬುದು, ಅದೇ ಮಿತ್ರ 1965ರ ಸೆಪ್ಟೆಂಬರಿನ ಯುದ್ಧದಲ್ಲಿ ಉಳಿಯಲಿಲ್ಲವೆಂಬುದು, ಒಂದರ ಹಿಂದೆ ಒಂದು ಬಂದವು. ಯುದ್ಧವನ್ನು ನಾನು ಕೇಳಲಿಲ್ಲ. ಹಪ್ಪಳದ ದಾರಿಯಲ್ಲಿ ಅದು ತಾನಾಗಿ ಬಂತು.

ಮೌನ ಬಂದಾಗ ತುಂಬಿಸಲು ಹೋಗಬಾರದು. ಮನಸ್ಸಿನಲ್ಲಿ ಇಪ್ಪತ್ತರವರೆಗೆ ಎಣಿಸಬೇಕು.

ಎರಡು ಬದುಕು ಸೇರುವ ಬೆಸುಗೆ

ಇಂಥ ಜೀವನವನ್ನು ಬರೆಯುವವರು ಸಾಮಾನ್ಯವಾಗಿ ಮೊದಲರ್ಧ ಸೇನೆ, ಉಳಿದರ್ಧ ಕಾಲೇಜು ಎಂದು ಕತ್ತರಿಸುತ್ತಾರೆ. ಹಾಗೆ ಮಾಡಿದರೆ ಇಬ್ಬರು ಅಪರಿಚಿತರ ಕಥೆಗಳು ಒಂದೇ ಪುಸ್ತಕದಲ್ಲಿ ಕುಳಿತಂತಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಕೆಲಸದ ತಿರುಳೇ ಬೆಸುಗೆಯನ್ನು ಹುಡುಕುವುದು: ಸೇನೆಯಲ್ಲಿದ್ದವರು ಕಪ್ಪುಹಲಗೆಯ ಮುಂದೆ ಏಕೆ ನಿಂತರು, ಅಲ್ಲಿಂದ ಏನನ್ನು ತಂದರು, ಏನನ್ನು ಬೇಕೆಂದೇ ಅಲ್ಲಿಯೇ ಬಿಟ್ಟುಬಂದರು ಎಂಬುದು. ಸಮವಸ್ತ್ರ ಕಳಚಿದ ದಿನ ಮತ್ತು ಮೊದಲ ಪಾಠದ ದಿನ, ಇವೆರಡರ ನಡುವಿನ ಅವಧಿಗೆ ಕನಿಷ್ಠ ಎರಡು ದಿನಗಳ ಮಾತುಕತೆಯನ್ನು ಮೀಸಲಿಡಬೇಕು. ಆಗ ಕೆಲಸವಿರಲಿಲ್ಲ, ತಮಗಿಂತ ಕಿರಿಯರ ಜೊತೆ ಬೆಂಚಿನಲ್ಲಿ ಕೂರಬೇಕಾಯಿತು, ಊರಿನಲ್ಲಿ ಗೌರವಿಸಿದವರೂ ಕೆಲಸ ಕೊಡಲು ಹಿಂಜರಿದರು. ಈ ಅವಧಿಯ ಬಗ್ಗೆ ಕಾಗದಗಳು ಅತಿ ಕಡಿಮೆ ಇರುತ್ತವೆ, ಅವರ ಮಾತೊಂದೇ ಆಧಾರ.

ಪ್ರಾಧ್ಯಾಪಕರನ್ನು ಮಾತನಾಡಿಸುವುದರಲ್ಲಿ ಒಂದು ವಿಶೇಷ ತೊಡಕಿದೆ. ತಮ್ಮ ಅನುಭವ ಕೇಳಿದರೆ ಅವರು ವಿಷಯವನ್ನು ಪಾಠವಾಗಿ ಹೇಳತೊಡಗುತ್ತಾರೆ. ತಾಷ್ಕೆಂಟ್ ಒಪ್ಪಂದದ ಕಾರಣಗಳನ್ನು ವಿವರಿಸುತ್ತಾರೆ, 1966ರ ಜನವರಿಯಲ್ಲಿ ತಾವು ಎಲ್ಲಿ ಮಲಗಿದ್ದೆವೆಂಬುದನ್ನು ಹೇಳುವುದಿಲ್ಲ. ತಡೆದರೆ ಬೇಸರವಾಗುತ್ತದೆ. ಒಂದು ವಸ್ತುವನ್ನು ಕೈಗೆ ಕೊಡುವುದು ಇದಕ್ಕೆ ಉಪಾಯ. ನಾನು ಮಾವನ ಹಳೆಯ ಪಾಠದ ಟಿಪ್ಪಣಿಯನ್ನು ಕೊಟ್ಟು, ‘ಈ ಚಿತ್ರವನ್ನು ತರಗತಿಯಲ್ಲಿ ಹೇಗೆ ಬಿಡಿಸುತ್ತಿದ್ದಿರಿ?’ ಎಂದು ಕೇಳಿದೆ. ಅದು ಎಸೆದ ವಸ್ತುವಿನ ಪಥದ ಚಿತ್ರ. ಗಾಳಿಯ ತಡೆಯನ್ನು ಬಿಟ್ಟರೆ 45 ಡಿಗ್ರಿ ಕೋನದಲ್ಲಿ ಹೊರಟದ್ದು ಅತಿ ದೂರ ಹೋಗುತ್ತದೆಂದು ಪುಸ್ತಕ ಹೇಳುತ್ತದೆ. ಮಾವ ಅಷ್ಟಕ್ಕೆ ನಿಲ್ಲದೆ, ಸುಮಾರು 12 ಕಿಲೋಮೀಟರ್ ದೂರ ಹೊಡೆಯುವ 25 ಪೌಂಡರ್ ತೋಪಿನ ಲೆಕ್ಕದಲ್ಲಿ ಗಾಳಿಯ ವೇಗ, ಹವೆಯ ಉಷ್ಣತೆ, ಮದ್ದಿನ ಉಷ್ಣತೆ ಎಲ್ಲವನ್ನೂ ಸೇರಿಸಬೇಕಾಗುತ್ತಿತ್ತೆಂದು ಹೇಳಿಕೊಡುತ್ತಿದ್ದರಂತೆ. ಆಮೇಲೆ ಟಿಪ್ಪಣಿಯನ್ನು ಮಡಚಿ, ‘ಲೆಕ್ಕ ತಪ್ಪಿದರೆ ಗುಂಡು ನಮ್ಮವರ ಮೇಲೆಯೇ ಬೀಳುತ್ತದೆ, ಹಾಗಾಗಿ ನಾನು ಮಕ್ಕಳ ಉತ್ತರಪತ್ರಿಕೆಯನ್ನು ಎರಡು ಸಲ ನೋಡುತ್ತಿದ್ದೆ’ ಎಂದರು. ಅವರು ಅಂಕ ಕೊಡುವುದರಲ್ಲಿ ಬಿಗಿಯೆಂದು ಊರೆಲ್ಲ ಹೇಳುತ್ತಿತ್ತು. ಕಾರಣ ಆ ದಿನ ತಿಳಿಯಿತು.

ವಿದ್ಯಾರ್ಥಿಗಳನ್ನೂ ಕೇಳಬೇಕು. ಇಪ್ಪತ್ತೆಂಟು ವರ್ಷ ಪಾಠ ಹೇಳಿದವರ ಶಿಷ್ಯರು ಬ್ಯಾಂಕಿನಲ್ಲಿ, ಕೋರ್ಟಿನಲ್ಲಿ, ಬಸ್ ಕಂಪೆನಿಯಲ್ಲಿ ಎಲ್ಲೆಲ್ಲೂ ಸಿಗುತ್ತಾರೆ. ಬೇರೆ ಬೇರೆ ದಶಕಗಳ ಐದಾರು ಜನರಾದರೆ ಸಾಕು. ಹೊಗಳಿಕೆಯನ್ನು ಕೇಳದೆ, ತರಗತಿಗೆ ಹೇಗೆ ಬರುತ್ತಿದ್ದರು, ಯಾವುದಕ್ಕೆ ಸಿಟ್ಟಾಗುತ್ತಿದ್ದರು, ಯಾವ ಮಾತನ್ನು ಪದೇಪದೇ ಆಡುತ್ತಿದ್ದರು ಎಂದು ಕೇಳಬೇಕು.

ನೆನಪನ್ನು ದಾಖಲೆಯೊಡನೆ ಹೋಲಿಸುವಾಗ

ಹಿರಿಯರ ನೆನಪು ತಪ್ಪುತ್ತದೆ. ತಪ್ಪಿದ ಜಾಗವೂ ಕಥೆಯ ಭಾಗವೇ. 1965ರಲ್ಲಿ ಗುಂಡು ನಿಂತದ್ದು ದೀಪಾವಳಿಯ ದಿನವೆಂದು ಮಾವ ಖಚಿತವಾಗಿ ಹೇಳುತ್ತಿದ್ದರು. ಕದನವಿರಾಮ ಜಾರಿಗೆ ಬಂದದ್ದು ಸೆಪ್ಟೆಂಬರ್ 23ರಂದು, ದೀಪಾವಳಿ ಬಂದದ್ದು ಅಕ್ಟೋಬರಿನಲ್ಲಿ. ಪತ್ರಗಳ ಕಟ್ಟನ್ನು ನೋಡಿದರೆ ಯುದ್ಧ ಆರಂಭವಾದ ಮೇಲೆ ತಾಯಿಯ ಮೊದಲ ಪತ್ರ ಅವರ ಕೈಸೇರಿದ್ದು ದೀಪಾವಳಿಯ ಹೊತ್ತಿಗೆ. ಅವರ ಪಾಲಿಗೆ ಯುದ್ಧ ಮುಗಿದದ್ದು ಅಂದೇ. ನಾನು ಪುಸ್ತಕದಲ್ಲಿ ಅವರ ಮಾತನ್ನು ಅವರು ಹೇಳಿದಂತೆಯೇ ಇಟ್ಟು, ಅಡಿಟಿಪ್ಪಣಿಯಲ್ಲಿ ದಿನಾಂಕವನ್ನು ಕೊಟ್ಟೆ. ಅವರು ಹೇಳಿದ್ದು, ಕಾಗದ ಹೇಳುವುದು, ನಾವು ಊಹಿಸಿದ್ದು, ಈ ಮೂರನ್ನು ಓದುಗರಿಗೆ ಬೇರೆಬೇರೆಯಾಗಿ ಕಾಣುವಂತೆ ಬರೆಯುವುದು ಕಡ್ಡಾಯವೆಂದು ನಾನು ನಂಬುತ್ತೇನೆ.

ಅಧಿಕೃತ ದಾಖಲೆಯಲ್ಲಿ ಇಲ್ಲವೆಂದು ಒಂದು ಮಾತನ್ನು ಅಳಿಸಿಹಾಕುವ ಮೊದಲೂ ಯೋಚಿಸಬೇಕು. ಕೊಡಗಿನವರಾದ, ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾದ ಮೇಲಿನ ದಾಳಿಯಿಂದ ಮರಳಲಿಲ್ಲ. ತಮ್ಮ ವಿಮಾನಕ್ಕಿಂತ ಬಹಳ ವೇಗದ ಸ್ಟಾರ್‌ಫೈಟರ್ ಯುದ್ಧವಿಮಾನವೊಂದನ್ನು ಅವರು ಉರುಳಿಸಿದ್ದರೆಂಬುದು ಪಾಕಿಸ್ತಾನದ ಕಡೆಯ ವಿವರಗಳು ಹೊರಬಂದ ಬಳಿಕವೇ ತಿಳಿಯಿತು. ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ಸೇವಾ ವಿವರ ಬೇಕಿದ್ದರೆ ಹಿರಿಯರೇ ಸಹಿ ಮಾಡಿ, ಸೇವಾ ಸಂಖ್ಯೆ ನಮೂದಿಸಿ ತಮ್ಮ ದಳದ ರೆಕಾರ್ಡ್ಸ್ ಕಚೇರಿಗೆ ಬರೆಯುವುದು ಸರಿಯಾದ ಕ್ರಮ. ಜವಾನರಿಗೆ ಸಂಬಂಧಿಸಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಕಚೇರಿ ಬೆಳಗಾವಿಯಲ್ಲಿದೆ, ಮದ್ರಾಸ್ ರೆಜಿಮೆಂಟಿನದು ತಮಿಳುನಾಡಿನ ವೆಲಿಂಗ್ಟನ್‌ನಲ್ಲಿ, ಮದ್ರಾಸ್ ಸ್ಯಾಪರ್ಸ್‌ನದು ಬೆಂಗಳೂರಿನಲ್ಲಿ, ತೋಪುಖಾನೆಯದು ನಾಸಿಕದಲ್ಲಿ. ಅಧಿಕಾರಿಗಳ ದಾಖಲೆ ದೆಹಲಿಯ ಸೇನಾ ಕೇಂದ್ರ ಕಚೇರಿಗೆ ಸೇರಿದ್ದು. ಯಾರಿಗೆ ಬರೆಯಬೇಕೆಂಬ ಗೊಂದಲವಿದ್ದರೆ ಮಂಗಳೂರಿನಲ್ಲಿರುವ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು. ಜೊತೆಗಾರರನ್ನು ಹುಡುಕುವುದಾದರೆ ಜುಲೈ 26ರ ಕಾರ್ಗಿಲ್ ವಿಜಯ ದಿನದಂದು ಮಂಗಳೂರಿನ ಕದ್ರಿಯ ಯುದ್ಧ ಸ್ಮಾರಕಕ್ಕೋ ಉಡುಪಿಯ ಅಜ್ಜರಕಾಡಿನ ಹುತಾತ್ಮ ಸ್ಮಾರಕಕ್ಕೋ ಹಿರಿಯರನ್ನು ಕರೆದುಕೊಂಡು ಹೋಗಿ. ಮಾಜಿ ಸೈನಿಕರು ಪರಸ್ಪರ ಗುರುತು ಹಿಡಿಯುವ ವೇಗ ನನಗೆ ಇಂದಿಗೂ ಬೆರಗು.

ಬರೆದು, ಓದಿ ಹೇಳಿ, ಕಾಪಾಡುವುದು

ಧ್ವನಿಯನ್ನು ಬರಹಕ್ಕಿಳಿಸುವಾಗ ತುಳು ಮಾತನ್ನು ತುಳುವಿನಲ್ಲಿಯೇ ಬರೆದು ಕೆಳಗೆ ಕನ್ನಡದ ಅರ್ಥ ಕೊಡಬೇಕು. ಹಳೆಯ ಪದ ಸಿಕ್ಕಿ ತೊಡಕಾದರೆ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಸಿದ್ಧವಾದ ಆರು ಸಂಪುಟಗಳ ತುಳು ನಿಘಂಟು ನೆರವಾಗುತ್ತದೆ. ಮುದ್ರಿಸುವ ಮೊದಲು ಇಡೀ ಬರಹವನ್ನು ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಅವರು ತೆಗೆಯಬೇಕೆಂದದ್ದನ್ನು ವಾದವಿಲ್ಲದೆ ತೆಗೆಯಬೇಕು. ಜೀವಂತವಿರುವ ಸಹೋದ್ಯೋಗಿಗಳ ಮೇಲಿನ ದೂರು, ಮೃತ ಜೊತೆಗಾರರ ಕೊನೆಯ ಕ್ಷಣದ ವಿವರ, ಗಡಿಯ ನೆಲೆಗಳ ಗುಟ್ಟು, ಇವುಗಳ ಬಗ್ಗೆ ಅವರ ತೀರ್ಮಾನವೇ ಕೊನೆಯದು. ಮಾವ ನಾಲ್ಕು ಪುಟ ತೆಗೆಸಿದರು, ಒಂದು ಹೆಸರನ್ನು ಸೇರಿಸಿದರು: ಹಪ್ಪಳ ತಿಂದ ಆ ಮಿತ್ರನದು. ಅದುವರೆಗೆ ಅವರು ಆ ಹೆಸರನ್ನು ಹೇಳಿಯೇ ಇರಲಿಲ್ಲ.

ನಮ್ಮ ಹವೆಯಲ್ಲಿ ಕಾಗದಕ್ಕೆ ಶತ್ರುಗಳು ಮೂವರು, ತೇವ, ಒರಲೆ ಮತ್ತು ಲ್ಯಾಮಿನೇಶನ್. ಲ್ಯಾಮಿನೇಟ್ ಮಾಡಿದ ಪ್ರಮಾಣಪತ್ರವನ್ನು ಮತ್ತೆ ಬಿಡಿಸಲಾಗದು, ಆದ್ದರಿಂದ ಮೂಲಪ್ರತಿಗೆ ಅದನ್ನು ಮಾಡಿಸಲೇಬಾರದು. ಆಲ್ಬಮ್ಮಿಗೆ ಅಂಟಿದ ಫೋಟೊವನ್ನು ಕೀಳದೆ, ಹಾಳೆಯ ಸಮೇತ 600 ಡಿ.ಪಿ.ಐ.ನಲ್ಲಿ ಸ್ಕ್ಯಾನ್ ಮಾಡಿಸಿ, ಫೋಟೊದಲ್ಲಿರುವವರ ಹೆಸರನ್ನು ಹಿರಿಯರು ಹೇಳಿದಂತೆ ಬೇರೆ ಹಾಳೆಯಲ್ಲಿ ಬರೆದಿಡಬೇಕು. ಮಳೆಗಾಲ ಕಳೆದು ಬಿಸಿಲು ಬಂದ ಮೇಲೆ ವರ್ಷಕ್ಕೊಮ್ಮೆ ಟ್ರಂಕನ್ನು ತೆರೆದು ನೆರಳಿನಲ್ಲಿ ಗಾಳಿಯಾಡಿಸಬೇಕು. ಧ್ವನಿ ಮತ್ತು ಚಿತ್ರಗಳ ಮೂರು ಪ್ರತಿಗಳಿರಲಿ. ಒಂದು ಮನೆಯಲ್ಲಿ, ಒಂದು ಪರವೂರಿನಲ್ಲಿರುವ ಮಕ್ಕಳಲ್ಲಿ, ಒಂದು ಅವರು ಪಾಠ ಹೇಳಿದ ಕಾಲೇಜಿನ ಗ್ರಂಥಾಲಯದಲ್ಲಿ. ಪುಸ್ತಕವನ್ನು ಬೈಂಡ್ ಮಾಡಿಸುವಾಗ ಕೊನೆಯಲ್ಲಿ ಹತ್ತಿಪ್ಪತ್ತು ಖಾಲಿ ಹಾಳೆಗಳನ್ನು ಸೇರಿಸುವಂತೆ ಹೇಳಿ. ಮಾವನನ್ನು ನೋಡಲು ಬರುವ ಹಳೆಯ ವಿದ್ಯಾರ್ಥಿಗಳು ಚಾವಡಿಯಲ್ಲಿ ಕುಳಿತು ಅದನ್ನು ತಿರುವಿಹಾಕಿ, ತಮಗೆ ನೆನಪಾದದ್ದನ್ನು ಆ ಹಾಳೆಗಳಲ್ಲಿ ದಿನಾಂಕ ಹಾಕಿ ಬರೆದುಹೋಗುತ್ತಾರೆ. ಈಗಾಗಲೇ ಏಳು ಹಾಳೆಗಳು ತುಂಬಿವೆ.